ರಕ್ತ ಕೊಡೋಕೆ ಜೊತೆಗೆ ಬರುವವನು

ನಶೆಗೆ ದಿನಾ ಚುಚ್ಚಿಕೊಳ್ಳುವವನಿಗೆ ಸೂಜಿಯ ಭಯ ಎಲ್ಲಿಂದ ಬರಬೇಕು ಅಂತ ನಾನೂ ಅಂದುಕೊಂಡಿದ್ದೆ. ಬೆಂಗಳೂರಿನಲ್ಲಿ ನಮ್ಮ ಹತ್ತಿರ ಬರುವ ಹುಡುಗರಲ್ಲಿ ಟ್ಯಾಪೆಂಟಡಾಲ್ ಅನ್ನೋ ನೋವಿನ ಮಾತ್ರೆಯನ್ನೇ ಚುಚ್ಚಿಕೊಳ್ಳುವವರು ಜಾಸ್ತಿ. ಅದು ನುಂಗೋಕೆ ಮಾಡಿದ ಮಾತ್ರೆ. ನರಕ್ಕೆ ಹೋದರೆ ನರವೇ ಹಾಳು. ಅಂಥವನು ರಕ್ತಪರೀಕ್ಷೆಗೆ ಕೂತರೆ ಐದಾರು ಕಡೆ ಚುಚ್ಚಿದರೂ ರಕ್ತ ಬರುವುದಿಲ್ಲ, ಹಿಂದೆ ನಿಂತವರೆಲ್ಲ ಇಣುಕುತ್ತಾರೆ, ಟೆಕ್ನಿಷಿಯನ್ ‘ನೀನೇ ಮಾಡ್ಕೊಂಡಿದ್ದಲ್ವಾ’ ಅಂತಾರೆ, ಅವನು ತೋಳು ಕೆಳಗಿಳಿಸಿ ಎದ್ದು ಹೋಗುತ್ತಾನೆ. ಮತ್ತೆ ಬರುವುದಿಲ್ಲ.

ನಮ್ಮ ಪೀರ್ ವರ್ಕರ್ ಒಬ್ಬ ಇದ್ದಾನೆ, ಅಂದರೆ ತಾನೂ ಇದೇ ದಾರಿಯಲ್ಲಿ ಬಂದು ಈಗ ಇವರ ಜೊತೆ ಕೆಲಸ ಮಾಡುವವನು. ಎಲ್ಲರಿಗೂ ಅಣ್ಣ. ಹನ್ನೊಂದು ವರ್ಷ ಚುಚ್ಚಿಕೊಂಡವನು, ಈಗಲೂ ದಿನಾ ಬ್ಯೂಪ್ರೆನಾರ್ಫಿನ್ ಮಾತ್ರೆ (ಚುಚ್ಚಿಕೊಳ್ಳುವುದರ ಬದಲಿಗೆ ಕೊಡುವ, ನಶೆ ಇಲ್ಲದಾಗಿನ ಮೈನೋವು ತಡೆಯುವ ಔಷಧಿ) ನಾಲಿಗೆ ಕೆಳಗೆ ಇಟ್ಟುಕೊಳ್ಳುವವನು. ರಕ್ತ ಕೊಡುವ ದಿನ ಅವನು ಹುಡುಗನ ಮನೆ ಹತ್ತಿರಾನೇ ಹೋಗುತ್ತಾನೆ. ದಾರಿಯಲ್ಲಿ ಎರಡು ಬಾಟಲಿ ನೀರು ಕುಡಿಸುತ್ತಾನೆ. ಲ್ಯಾಬಿನಲ್ಲಿ ‘ಮಗಾ, ಯಾವ ನರ ಇನ್ನೂ ಚೆನ್ನಾಗಿದೆ ಹೇಳು’ ಅಂತ ಕೇಳಿ, ಟೆಕ್ನಿಷಿಯನ್‌ಗೆ ‘ಮೇಡಂ, ಮೊಣಕೈ ಬೇಡ, ಇಲ್ಲಿ ನೋಡಿ, ಸಣ್ಣ ಸೂಜಿ ಹಾಕಿ’ ಅಂತಾನೆ. ಒಂದೇ ಚುಚ್ಚಿಗೆ ಸಿಗುತ್ತದೆ, ಹೆಚ್ಚಿನ ಸಲ. ಇದನ್ನು ನನಗೆ ಯಾವ ಕಾಲೇಜಿನಲ್ಲೂ ಹೇಳಿಕೊಟ್ಟಿರಲಿಲ್ಲ.

ಒಂದು ಸಲ ರಕ್ತ ಕೊಟ್ಟರೆ ಸಾಲದಾ ಅಂತ ಕೇಳುತ್ತಾರೆ. ಸೂಜಿ ಹಂಚಿಕೊಂಡರೆ ರಕ್ತದಿಂದ ಅಂಟುವ, ಲಿವರ್ ಕೆಡಿಸುವ ಹೆಪಟೈಟಿಸ್ ಸಿ ವಿಷಯದಲ್ಲಿ ಸಾಲದು. ಬೆರಳಿಗೆ ಚುಚ್ಚಿ ಮಾಡುವ ಮೊದಲ ಪರೀಕ್ಷೆ ಹೇಳೋದು ವೈರಸ್ ಯಾವಾಗಲೋ ಮೈಗೆ ಬಂದಿತ್ತು ಅಂತ ಮಾತ್ರ. ನೂರಕ್ಕೆ 15ರಿಂದ 45 ಜನರಿಗೆ ಮದ್ದಿಲ್ಲದೆ ತಾನಾಗೇ ಹೋಗಿರುತ್ತದೆ. ಈಗಲೂ ಇದೆಯಾ ಅಂತ ತಿಳಿಯೋಕೆ ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡುವ ಪರೀಕ್ಷೆ, ಬೇಕು. ‘ಪಾಸಿಟಿವ್’ ಅಂದಾಗ ಹೆದರಿ ಹೋದವರು ಈ ಎರಡನೇ ಪರೀಕ್ಷೆಗೆ ಬರುವುದೇ ಇಲ್ಲ. ನಾವು ಜನರನ್ನು ಕಳೆದುಕೊಳ್ಳುವುದು ಇಲ್ಲೇ, ಚಿಕಿತ್ಸೆಯಲ್ಲಿ ಅಲ್ಲ.

ಚಿಕಿತ್ಸೆ ನಿಜಕ್ಕೂ ಸುಲಭ. ಸೊಫೊಸ್ಬುವಿರ್ ಮಾತ್ರೆ ಜೊತೆ ಡಕ್ಲಾಟಸ್ವಿರ್ ಮಾತ್ರೆ, ಲಿವರ್ ತೀರಾ ಕೆಟ್ಟಿಲ್ಲದಿದ್ದರೆ 12 ವಾರ, ಅಷ್ಟೇ. ನೂರಕ್ಕೆ 95ಕ್ಕಿಂತ ಜಾಸ್ತಿ ಜನರಿಗೆ ವಾಸಿಯಾಗುತ್ತದೆ. 2013ರಲ್ಲಿ ಅಮೆರಿಕದಲ್ಲಿ ಸೊಫೊಸ್ಬುವಿರ್ ಬಂದಾಗ ಒಂದು ಮಾತ್ರೆಗೆ 1,000 ಡಾಲರ್ ಇತ್ತು. ನಮ್ಮಲ್ಲಿ 2018ರ ಜುಲೈ 28ರಂದು ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಶುರುವಾದ ಮೇಲೆ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಪುಕ್ಕಟೆ. ಆದರೂ ಕೆಲವು ಡಾಕ್ಟರುಗಳು ‘ಮೊದಲು ಬಿಟ್ಟು ಬಾ, ಆಮೇಲೆ ನೋಡೋಣ’ ಅಂತ ವಾಪಸ್ ಕಳಿಸುತ್ತಾರೆ. ಇದು ತಪ್ಪು. ಇನ್ನೂ ಚುಚ್ಚಿಕೊಳ್ಳುತ್ತಿದ್ದರೂ ಚಿಕಿತ್ಸೆ ಕೊಡಬೇಕು. ಅವನಿಗೆ ವಾಸಿಯಾದರೆ ಅವನ ಸಿರಿಂಜ್, ನೀರು, ಹತ್ತಿ ಹಂಚಿಕೊಳ್ಳುವವರಿಗೆ ಅಂಟುವುದೂ ನಿಲ್ಲುತ್ತದಲ್ಲ!

ಎಚ್‌ಐವಿ ಕೂಡ ಇದ್ದವರ ಗೊಂದಲ ಬೇರೆ. ಎರಡು ರಿಪೋರ್ಟ್ ಒಟ್ಟಿಗೆ ಬಂದರೆ ಇನ್ನು ಮುಗೀತು ಅಂತ ಕೂರುತ್ತಾರೆ. ಹೆಪಟೈಟಿಸ್ ಸಿ ಮೂರು ತಿಂಗಳಲ್ಲಿ ಹೋಗುವಂಥದ್ದು, ಎಚ್‌ಐವಿ ದಿನಕ್ಕೊಂದು ಮಾತ್ರೆ ತಗೊಂಡು ಜೀವನಪೂರ್ತಿ ಹದ್ದುಬಸ್ತಿನಲ್ಲಿಡುವಂಥದ್ದು ಅಂತ ನಾನು ಅರ್ಧ ಗಂಟೆ ಹೇಳುತ್ತೇನೆ, ಎಲ್ಲದಕ್ಕೂ ತಲೆ ಆಡಿಸುತ್ತಾರೆ. ಅಣ್ಣ ಪರ್ಸಿನಿಂದ ಮಡಿಚಿ ಮಡಿಚಿ ಹರಿದುಹೋಗಿರುವ ತನ್ನ ಹೆಪಟೈಟಿಸ್ ಸಿ ರಿಪೋರ್ಟ್ ತೆಗೆದು ‘ಪತ್ತೆಯಾಗಿಲ್ಲ’ ಅನ್ನೋ ಸಾಲಿನ ಮೇಲೆ ಬೆರಳಿಟ್ಟು, ‘ನಂಗೂ ಎರಡೂ ಇತ್ತು ಗುರು, ಇದು ಹೋಯ್ತು, ಅದಕ್ಕೆ ಮಾತ್ರೆ ನುಂಗ್ತಾ ಇದ್ದೀನಿ’ ಅಂತಾನೆ. ಹುಡುಗ ಆಗಲೇ ಮೊದಲ ಸಲ ಪ್ರಶ್ನೆ ಕೇಳೋದು.

ನನ್ನ ಮುಂದೆ ಎಲ್ಲರೂ ‘ಬಿಟ್ಟಿದ್ದೀನಿ ಸಾರ್’. ಅಣ್ಣನ ಹತ್ತಿರ ‘ನಿನ್ನೆ ಆಯ್ತು ಅಣ್ಣ’. ಒಮ್ಮೆ ವಾಸಿಯಾದರೂ ಹೆಪಟೈಟಿಸ್ ಸಿ ಮತ್ತೆ ಬರಬಹುದು, ಲಸಿಕೆ ಇಲ್ಲ. ಹಾಗಾಗಿ ಅಣ್ಣನಿಗೆ ಸಿಗುವ ಈ ನಿಜವಾದ ಉತ್ತರವೇ ನಮಗೆ ಬೇಕಾದ್ದು.

ಹೋದ ವರ್ಷ ಒಂದಷ್ಟು ಫೈಲುಗಳಲ್ಲಿ ‘ರೋಗಿ ಸಹಕರಿಸುತ್ತಿಲ್ಲ’ ಅಂತ ಬರೆದಿದ್ದೆ. ಅಣ್ಣ ಓದಿ ನಕ್ಕ. ‘ಸಾರ್, ಹತ್ತು ಗಂಟೆಗೆ ಆ ಕಡೆ ಬ್ಯೂಪ್ರೆನಾರ್ಫಿನ್ ಕೊಡ್ತಾರೆ, ಹನ್ನೊಂದಕ್ಕೆ ನಿಮ್ಮ ಲ್ಯಾಬ್ ಕ್ಲೋಸ್. ಮಧ್ಯೆ ಎರಡು ಬಸ್. ಮೈಯೆಲ್ಲ ನೋವು ಇಟ್ಕೊಂಡು ಯಾರು ನಿಮ್ಮ ಹತ್ರ ಮೊದಲು ಬರ್ತಾರೆ?’ ನನಗೆ ಇದು ಹೊಳೆದೇ ಇರಲಿಲ್ಲ. ಈಗ ಮಧ್ಯಾಹ್ನ ಒಂದರವರೆಗೆ ರಕ್ತ ತಗೊಳ್ಳುತ್ತೇವೆ.

ಇಷ್ಟೆಲ್ಲ ಮಾಡುವವನಿಗೆ ಸಂಬಳ ಅಂತ ಇಲ್ಲ. ‘ಗೌರವಧನ’, ಅದೂ ತಡವಾಗಿ. ಅವನು ಬೇರೆಯವರ ಜೊತೆ ಓಡಾಡುವ ಬಸ್ ಚಾರ್ಜು ಕೈಯಿಂದಲೇ. ಬಸ್ ಪಾಸ್ ಕೊಡಿ ಅಂತ ಹಣ ಕೊಡುವವರಿಗೆ ಹೋದ ವಾರ ಮತ್ತೆ ಪತ್ರ ಬರೆದಿದ್ದೇನೆ. ಇದು ಮೂರನೇದು.