ಮಾರಿಷಸ್ಸಿನ ಕಡಲಿಗೊಂದು ಪಂಚಾಂಗ

2020ರ ಜುಲೈ 25. ವಕಾಶಿಯೊ ಎಂಬ ಜಪಾನಿ ಮಾಲೀಕರ ಹಡಗು ಸಿಂಗಪುರದ ಕಡೆಯಿಂದ ಬ್ರೆಜಿಲ್‌ಗೆ ಖಾಲಿ ಹೊರಟಿತ್ತು. ಉದ್ದ ಸುಮಾರು 300 ಮೀಟರ್. ಮೊದಲ ಲೆಕ್ಕದಂತೆ ಅದು ಮಾರಿಷಸ್ ದ್ವೀಪದಿಂದ 22 ನಾಟಿಕಲ್ ಮೈಲಿ (ಕಡಲಿನ ಮೈಲಿ, ಒಂದಕ್ಕೆ ಸುಮಾರು 1.85 ಕಿಲೋಮೀಟರ್) ದೂರದಲ್ಲಿ ದಾಟಿಹೋಗಬೇಕಿತ್ತು. ಸಿಬ್ಬಂದಿಗೆ ಮೊಬೈಲ್ ಸಿಗ್ನಲ್ ಬೇಕಿತ್ತು. ಹಾಗಾಗಿ ದಾರಿ ಬದಲಿಸಿ 5 ಮೈಲಿ ದೂರಕ್ಕೆ ತಂದರು. ಕೊನೆಗೆ ಆ ಐದು ಮೈಲಿಯೂ ಉಳಿಯಲಿಲ್ಲ. ಆಗ್ನೇಯ ಕರಾವಳಿಯ ಪ್ವಾಂತ್ ದೆಸ್ನಿ ಹತ್ತಿರ ಹಡಗು ಹವಳದ ದಿಬ್ಬ ಹತ್ತಿ ಕೂತಿತು. ಕೆಲವು ದಿನಗಳ ನಂತರ ಹಡಗು ಓಡಿಸಲು ತುಂಬಿಕೊಂಡಿದ್ದ ಇಂಧನದಲ್ಲಿ ಸುಮಾರು 1,000 ಟನ್ ಎಣ್ಣೆ ಸೋರಿತು. ಊರಿನವರು ಕಬ್ಬಿನ ಒಣಗರಿಯನ್ನು ಬಟ್ಟೆಯೊಳಗೆ ತುಂಬಿ ಹೊಲಿದು, ಉದ್ದುದ್ದ ಹಾವಿನಂಥ ತಡೆಗಳನ್ನು ಮಾಡಿ ನೀರಿಗೆ ಬಿಟ್ಟರು.

ಸಿಗ್ನಲ್ ಕಥೆ ಎಲ್ಲರಿಗೂ ನೆನಪಿದೆ. ಜಪಾನಿನ ತನಿಖೆ ಇನ್ನೊಂದು ಮಾತನ್ನೂ ಹೇಳಿತ್ತು, ಅದು ಅಷ್ಟು ಸುದ್ದಿಯಾಗಲಿಲ್ಲ. ದಡದ ಅಷ್ಟು ಹತ್ತಿರ ಹೋಗಲು ಬೇಕಾದ ವಿವರವಾದ ನಕ್ಷೆಯೇ ಹಡಗಿನಲ್ಲಿ ಇರಲಿಲ್ಲ. ಇದ್ದದ್ದು ವಿಶಾಲ ಕಡಲನ್ನು ಒಂದೇ ನೋಟಕ್ಕೆ ತೋರಿಸುವ ನಕ್ಷೆ. ಜಿಲ್ಲೆಯ ನಕ್ಷೆ ಹಿಡಿದುಕೊಂಡು ಓಣಿಯಲ್ಲಿ ಮನೆ ಹುಡುಕಿದ ಹಾಗಾಯಿತು, ಅಲ್ವಾ?

ಅಲ್ಲಿಂದ ಕೆಲವೇ ಕಿಲೋಮೀಟರ್ ಆಚೆ ಗ್ರ್ಯಾಂಡ್ ಪೋರ್ಟ್ ಕೊಲ್ಲಿ ಇದೆ. 1810ರ ಆಗಸ್ಟ್‌ನಲ್ಲಿ ದ್ವೀಪ ಫ್ರೆಂಚರ ಕೈಯಲ್ಲಿದ್ದಾಗ ನಾಲ್ಕು ಬ್ರಿಟಿಷ್ ಯುದ್ಧನೌಕೆಗಳು ಆ ಕೊಲ್ಲಿಗೆ ನುಗ್ಗಿದವು. ಒಳದಾರಿ ಇಕ್ಕಟ್ಟು, ಅದರ ಪರಿಚಯ ಅವರಿಗಿರಲಿಲ್ಲ. ಸೀರಿಯಸ್ ಮತ್ತು ಮ್ಯಾಜಿಸಿಯೆನ್ ಎಂಬ ಎರಡು ಹಡಗುಗಳು ಹವಳಕ್ಕೆ ಸಿಕ್ಕಿಕೊಂಡವು. ಬಿಡಿಸಲಾಗದೆ ಬ್ರಿಟಿಷರೇ ಅವಕ್ಕೆ ಬೆಂಕಿ ಇಟ್ಟರು. ಉಳಿದೆರಡು ಫ್ರೆಂಚರ ವಶವಾದವು. ನೆಪೋಲಿಯನ್ ಕಾಲದ ನೌಕಾಯುದ್ಧಗಳಲ್ಲಿ ಪ್ಯಾರಿಸ್ಸಿನ ವಿಜಯದ ಕಮಾನಿನ ಮೇಲೆ ಕೆತ್ತಿರುವುದು ಇದೊಂದನ್ನೇ. ನನಗೇನೋ ಆ ಗೆಲುವಿನಲ್ಲಿ ಅರ್ಧ ಪಾಲು ಹವಳದ್ದು ಅನಿಸುತ್ತದೆ.

ಬ್ರಿಟಿಷರು ಪಾಠ ಕಲಿತರು. ಮತ್ತೆ ಬರುವ ಮುಂಚೆ ದ್ವೀಪದ ಉತ್ತರ ತೀರದಲ್ಲಿ ನೀರಿನ ಆಳ ಅಳೆಸಿಕೊಂಡರು. ನವೆಂಬರ್ 29ಕ್ಕೆ ಅಲ್ಲಿ ಸೈನ್ಯ ಇಳಿಯಿತು. ಡಿಸೆಂಬರ್ ಮೊದಲ ವಾರ ಮುಗಿಯುವುದರೊಳಗೆ ದ್ವೀಪ ಅವರದಾಯಿತು.

ಆಗ ಆಳ ಅಳೆಯುತ್ತಿದ್ದದ್ದು ಸೀಸದ ಗುಂಡು ಕಟ್ಟಿದ ಹಗ್ಗದಿಂದ. ಹಗ್ಗ ಇಳಿಬಿಡಬೇಕು, ತಳ ಮುಟ್ಟಿದಾಗ ಎಷ್ಟು ಮಾರು ಹೋಯಿತು ಅಂತ ಎಣಿಸಬೇಕು. ನಮ್ಮ ಬಾವಿಕಟ್ಟೆಯ ಮಾರೇ ಅದು. ಎರಡೂ ಕೈ ಚಾಚಿದರೆ ಎಷ್ಟೋ ಅಷ್ಟು, ಹೆಚ್ಚುಕಡಿಮೆ ಆರು ಅಡಿ. ಹಡಗಿನವರ ಫ್ಯಾದಮ್ ಕೂಡ ಆರೇ ಅಡಿ. ತೊಂದರೆ ಏನೆಂದರೆ, ಗುಂಡು ಬಿದ್ದ ಜಾಗದ ಆಳ ಮಾತ್ರ ಗೊತ್ತಾಗುತ್ತದೆ. ಹತ್ತು ಮೀಟರ್ ಪಕ್ಕದಲ್ಲಿ ಹವಳದ ಗೋಪುರ ಎದ್ದು ನಿಂತಿದ್ದರೆ ಅದು ಹಗ್ಗಕ್ಕೆ ತಿಳಿಯದು.

ಈಗ ಹಗ್ಗದ ಜಾಗದಲ್ಲಿ ಶಬ್ದ ಬಂದಿದೆ. ಕಡಲ ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ಹಡಗಿನಿಂದ ಬಿಟ್ಟ ಶಬ್ದ ತಳಕ್ಕೆ ಬಡಿದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ವಾಪಸ್ ಬಂದರೆ ಆಳ 75 ಮೀಟರ್. ಲೆಕ್ಕ ಸುಲಭ, ಆದರೆ ನೀರಿನ ಬಿಸಿ, ಉಪ್ಪು, ಒತ್ತಡ ಬದಲಾದರೆ ಶಬ್ದದ ವೇಗವೂ ಬದಲಾಗುತ್ತದೆ. ಅದನ್ನು ಆಗಾಗ ಅಳೆದು ತಿದ್ದಿಕೊಳ್ಳಬೇಕು. ಮಲ್ಟಿಬೀಮ್ ಯಂತ್ರ ನೂರಾರು ಶಬ್ದರೇಖೆಗಳನ್ನು ಬೀಸಣಿಗೆಯಂತೆ ಹರಡಿ ಒಂದು ಅಗಲವಾದ ಪಟ್ಟಿಯನ್ನೇ ಅಳೆಯುತ್ತದೆ. ನೀರು ಆಳವಾದಷ್ಟೂ ಪಟ್ಟಿ ಅಗಲ, ಆಳ ಕಡಿಮೆಯಾದಷ್ಟೂ ಕಿರಿದು. ಅಂದರೆ ಅಪಾಯ ಇರುವ ತೆಳುನೀರಿನಲ್ಲೇ ಕೆಲಸ ಜಾಸ್ತಿ. ಸಣ್ಣ ಪೊರಕೆಯಲ್ಲಿ ದೊಡ್ಡ ಅಂಗಳ ಗುಡಿಸಿದ ಹಾಗೆ.

ಮಾರಿಷಸ್ಸಿನ ಅಂಗಳವೂ ಚಿಕ್ಕದಲ್ಲ. ನೆಲ ಸುಮಾರು 2,000 ಚದರ ಕಿಲೋಮೀಟರ್. ಅದರ ಹಕ್ಕಿನ ಕಡಲು ಸುಮಾರು 23 ಲಕ್ಷ ಚದರ ಕಿಲೋಮೀಟರ್. ಹೊರಗಿನಿಂದ ಬರುವ ಸಾಮಾನು ಬಹುತೇಕ ಪೋರ್ಟ್ ಲೂಯಿ ಎಂಬ ಒಂದೇ ದೊಡ್ಡ ಬಂದರಿನಲ್ಲಿ ಇಳಿಯಬೇಕು.

ಇಂಥ ಪುಟ್ಟ ದೇಶ ಮೊದಲು ಸರ್ವೆ ಹಡಗು ಕೊಳ್ಳಬೇಕು ಅನಿಸಬಹುದು. ಕಡಲು ಅಳೆದು ನಕ್ಷೆ ಮಾಡುವ ವಿದ್ಯೆಗೆ ಜಲಮಾಪನ ಅಂತ ಹೆಸರು. ಮೊನಾಕೊದಲ್ಲಿರುವ ಅಂತರರಾಷ್ಟ್ರೀಯ ಜಲಮಾಪನ ಸಂಸ್ಥೆ ಹಾಗೆ ಹೇಳುವುದಿಲ್ಲ. ಮೊದಲ ಮೆಟ್ಟಿಲು ಸುದ್ದಿ ಕೂಡಿಸಿ ಹಂಚುವುದು. ದೀಪ ಆರಿದೆಯೇ, ತೇಲುಗುರುತು ಜಾಗ ಬಿಟ್ಟಿದೆಯೇ, ಬಂದರಿನ ಬಾಯಲ್ಲಿ ಹೂಳು ತುಂಬಿದೆಯೇ ಅಂತ ತಿಳಿದು ಹಡಗುಗಳಿಗೆ ತಿಳಿಸಲು ಕೆಲವೇ ಜನ, ಫೋನು, ಶಿಸ್ತು ಇದ್ದರೆ ಸಾಕು. ತಾನೇ ಅಳೆಯುವುದು ಎರಡನೇ ಮೆಟ್ಟಿಲು. ನಕ್ಷೆ ತಾನೇ ಅಚ್ಚು ಹಾಕುವುದು ಮೂರನೆಯದು. ಅಲ್ಲಿಯವರೆಗೆ ಆ ಕೆಲಸ ಇನ್ನೊಂದು ದೇಶ ಮಾಡಿಕೊಟ್ಟರೂ ನಡೆಯುತ್ತದೆ. ನನಗೆ ಈ ಕ್ರಮ ಬಹಳ ಹಿಡಿಸಿತು. ಹಡಗು ಕೊಂಡು ಅದನ್ನು ನಡೆಸುವವರಿಲ್ಲದೆ ಬಂದರಿನಲ್ಲಿ ತುಕ್ಕು ಹಿಡಿಸುವುದಕ್ಕಿಂತ ಇದು ಎಷ್ಟೋ ವಾಸಿ.

ಮಾರಿಷಸ್‌ನಲ್ಲಿ ವಸತಿ ಮತ್ತು ಭೂಮಿಯ ಸಚಿವಾಲಯದ ಕೆಳಗೆ ಒಂದು ಜಲಮಾಪನ ವಿಭಾಗ ಇದೆ. ದೊಡ್ಡ ಅಳತೆಗೆ ಬರುವುದು ಭಾರತೀಯ ನೌಕಾಪಡೆ. 2005ರಲ್ಲಿ ಎರಡೂ ದೇಶಗಳ ನಡುವೆ ಒಪ್ಪಂದವಾಯಿತು. ಆಮೇಲೆ ನಮ್ಮ ಸರ್ವೆ ಹಡಗುಗಳು ಅಲ್ಲಿಗೆ ಹೋಗಿ ಬರುತ್ತಿವೆ. ಐಎನ್ಎಸ್ ಸರ್ವೇಕ್ಷಕ 2025ರ ಆರಂಭಕ್ಕೆ ಮುಗಿಸಿದ ಒಂದೇ ಸರ್ವೆಯಲ್ಲಿ 25,000 ಚದರ ನಾಟಿಕಲ್ ಮೈಲಿಗೂ ಹೆಚ್ಚು ಕಡಲನ್ನು ಅಳೆದಿತ್ತು. ಅಲ್ಲಿನ ಸಿಬ್ಬಂದಿಗೂ ಹಡಗಿನಲ್ಲಿ ಕೆಲಸ ಕಲಿಸುತ್ತಾರೆ. ನಮ್ಮ ಕಾರವಾರದ ಪಕ್ಕದ ಗೋವಾದಲ್ಲೂ ಈ ವಿದ್ಯೆಗೆಂದೇ ನೌಕಾಪಡೆಯ ಶಾಲೆ ಇದೆ, ಹೊರದೇಶದವರೂ ಬಂದು ಕಲಿಯುತ್ತಾರೆ. ಇದರಲ್ಲಿ ಬರೀ ಸ್ನೇಹ ಇದೆ ಅಂತ ಯಾರೂ ನಂಬಬೇಕಿಲ್ಲ. ಕಡಲ ತಳದ ವಿವರ ಜಲಾಂತರ್ಗಾಮಿಗಳಿಗೂ ಬೇಕಾಗುತ್ತದೆ, ಹಿಂದೂ ಮಹಾಸಾಗರದ ಮೇಲೆ ಎಲ್ಲರ ಕಣ್ಣೂ ಇದೆ. ಆದರೂ ನಕ್ಷೆ ನಿಜವಾದರೆ ಮೀನುಗಾರನಿಗೂ ಲಾಭವೇ.

ಅಳೆದು, ಅಚ್ಚು ಹಾಕಿ, ಸಮಾರಂಭದಲ್ಲಿ ಹಸ್ತಾಂತರಿಸಿದರೆ ಮುಗಿಯಿತೇ? ಇಲ್ಲ. ಕಡಲ ನಕ್ಷೆ ಗೋಡೆಗೆ ಹಾಕುವ ಪಟವಲ್ಲ, ಅದು ಪಂಚಾಂಗ. ಹೋದ ವರ್ಷದ್ದು ಹಿಡಿದು ಈ ವರ್ಷದ ಮುಹೂರ್ತ ನೋಡಲಾಗದು. ಚಂಡಮಾರುತ ಮರಳನ್ನು ಎಳೆದಾಡುತ್ತದೆ, ಹೊಸ ಜೆಟ್ಟಿ ಏಳುತ್ತದೆ, ಹಳೆ ದೀಪ ಹೋಗುತ್ತದೆ. ವಾರವಾರ ತಿದ್ದುಪಡಿ ಹೊರಡಬೇಕು, ಹಡಗಿನವರು ಅದನ್ನು ಹಾಕಿಕೊಳ್ಳಬೇಕು. ಎಲೆಕ್ಟ್ರಾನಿಕ್ ನಕ್ಷೆಯಲ್ಲಿ ಆಯಾ ಜಾಗದ ಅಳತೆ ಎಷ್ಟು ನಂಬಿಕೆಗೆ ಅರ್ಹ ಅಂತ ನಕ್ಷತ್ರಗಳಲ್ಲೇ ಬರೆದಿರುತ್ತದೆ. ಆರು ನಕ್ಷತ್ರ ಇದ್ದರೆ ಅತ್ಯುತ್ತಮ, ಎರಡಿದ್ದರೆ ಹುಷಾರು.

ವಕಾಶಿಯೊ ಹಡಗನ್ನೇ ತೆಗೆದುಕೊಳ್ಳಿ. ಜುಲೈ 25ಕ್ಕೆ ಅದು ದಿಬ್ಬಕ್ಕೆ ಸಿಕ್ಕಿತು. ಆಗಸ್ಟ್ 15ಕ್ಕೆ ಎರಡು ತುಂಡಾಯಿತು. ಮುಂಭಾಗವನ್ನು ಆಳದ ಕಡಲಿಗೆ ಎಳೆದೊಯ್ದು ಮುಳುಗಿಸಿದರು. ಹಿಂಭಾಗ ದಿಬ್ಬದ ಮೇಲೆಯೇ ಉಳಿದಿತ್ತು, ಅದನ್ನು ಕತ್ತರಿಸಿ ತೆಗೆದು ಮುಗಿಸುವಷ್ಟರಲ್ಲಿ 2022 ಬಂದಿತ್ತು. ಪ್ರತಿ ಸಲವೂ ಪೋರ್ಟ್ ಲೂಯಿಯಲ್ಲಿ ಯಾರಾದರೂ ಕೂತು ಬರೆಯಬೇಕು: ಇಲ್ಲಿ ಹಡಗಿದೆ, ಇಲ್ಲಿ ಅರ್ಧ ಇದೆ, ಇಲ್ಲಿ ಈಗ ಏನೂ ಇಲ್ಲ.