ವಿಲ್ಲಿ ಬ್ರಾಂಟ್ ರಾಜೀನಾಮೆಯ ಹಿಂದಿನ ಐದು ವರ್ಷಗಳು

1974ರ ಮೇ ತಿಂಗಳಲ್ಲಿ ಪಶ್ಚಿಮ ಜರ್ಮನಿಯ ಚಾನ್ಸಲರ್ ವಿಲ್ಲಿ ಬ್ರಾಂಟ್ ರಾಜೀನಾಮೆ ನೀಡಿದ್ದಕ್ಕೆ ಸಾಮಾನ್ಯವಾಗಿ ಹೇಳುವ ಕಾರಣ ಒಂದೇ: ಅವರ ಆಪ್ತ ಸಹಾಯಕ ಗುಂಟರ್ ಗಿಯೋಮ್ ಪೂರ್ವ ಜರ್ಮನಿಯ ಗೂಢಚಾರನೆಂದು ಸಾಬೀತಾಯಿತು. ಆದರೆ ಇದಕ್ಕೆ ಎರಡು ವರ್ಷ ಮೊದಲು ಬ್ರಾಂಟ್ ಸರ್ಕಾರ ಉರುಳದಂತೆ ನೋಡಿಕೊಳ್ಳಲು ಹಣ ಸುರಿದದ್ದೂ ಅದೇ ಪೂರ್ವ ಜರ್ಮನಿಯ ಗುಪ್ತಚರ ವಿಭಾಗವೇ ಎಂಬುದು ಜರ್ಮನಿಯ ಏಕೀಕರಣದ ನಂತರ ಬಯಲಾದಾಗ, ಸರಳವಾಗಿದ್ದ ಕಥೆ ಗೋಜಲಾಯಿತು.

1913ರಲ್ಲಿ ಲ್ಯೂಬೆಕ್‌ನಲ್ಲಿ ಹೆರ್ಬರ್ಟ್ ಫ್ರಾಮ್ ಎಂಬ ಹೆಸರಿನಲ್ಲಿ ಹುಟ್ಟಿ, ಹಿಟ್ಲರ್ ಆಡಳಿತದಿಂದ ತಪ್ಪಿಸಿಕೊಂಡು ನಾರ್ವೆ ಸೇರಿ, ಹೆಸರು ಬದಲಿಸಿ, ಯುದ್ಧದ ನಂತರ ಮರಳಿ, 1957ರಲ್ಲಿ ಪಶ್ಚಿಮ ಬರ್ಲಿನ್‌ನ ಮೇಯರ್ ಆದ ಬ್ರಾಂಟ್, 1969ರ ಅಕ್ಟೋಬರ್‌ನಲ್ಲಿ ಉದಾರವಾದಿ ಪಕ್ಷವಾದ ಎಫ್‌ಡಿಪಿಯ ಜೊತೆಗೂಡಿ ಚಾನ್ಸಲರ್ ಪದವಿಗೇರಿದರು. ಅಗತ್ಯಕ್ಕಿಂತ ಕೇವಲ ಎರಡು ಮತ ಹೆಚ್ಚು ಪಡೆದು ಗೆದ್ದವರು ಯುದ್ಧಾನಂತರದ ಜರ್ಮನಿಯ ಅತ್ಯಂತ ಸೂಕ್ಷ್ಮ ಪ್ರಶ್ನೆಗೆ ಕೈಹಾಕಿದ್ದು ಧೈರ್ಯವೋ ದುಸ್ಸಾಹಸವೋ ಎಂಬ ಚರ್ಚೆ ಅಂದೇ ಶುರುವಾಗಿತ್ತು.

ಯುದ್ಧ ಮುಗಿದಾಗ ಓಡರ್-ನೈಸೆ ನದಿಗಳ ಪೂರ್ವಕ್ಕಿದ್ದ ಜರ್ಮನ್ ಪ್ರದೇಶದ ಬಹುಭಾಗ ಪೋಲೆಂಡ್‌ನ ಆಡಳಿತಕ್ಕೆ ಸೇರಿತ್ತು. ಅಲ್ಲಿಂದಲೂ ಪೂರ್ವ ಯುರೋಪಿನ ಇತರೆಡೆಗಳಿಂದಲೂ ಹೊರದೂಡಲ್ಪಟ್ಟ ಲಕ್ಷಾಂತರ ಜನರಿಗೆ ಆ ನೆಲ ಶಾಶ್ವತವಾಗಿ ಕೈತಪ್ಪಿದೆ ಎಂದು ಹೇಳುವ ಎದೆಗಾರಿಕೆ, ಅವರ ಮತ ಬೇಕಿದ್ದ ಯಾವ ದೊಡ್ಡ ಪಕ್ಷಕ್ಕೂ ಬಹುಕಾಲ ಇರಲಿಲ್ಲ. ಬ್ರಾಂಟ್ ಅವರ ಪಕ್ಷವಾದ ಸೋಶಿಯಲ್ ಡೆಮಾಕ್ರಟರೂ ಇದಕ್ಕೆ ಹೊರತಾಗಿರಲಿಲ್ಲ. 1970ರ ಆಗಸ್ಟ್‌ನಲ್ಲಿ ಸೋವಿಯತ್ ಒಕ್ಕೂಟದೊಂದಿಗಿನ ಮಾಸ್ಕೋ ಒಪ್ಪಂದ, ಡಿಸೆಂಬರ್ 7ರಂದು ಪೋಲೆಂಡ್‌ನೊಂದಿಗಿನ ವಾರ್ಸಾ ಒಪ್ಪಂದ ಆ ಗಡಿಯನ್ನು ಉಲ್ಲಂಘಿಸಲಾಗದ್ದೆಂದು ಒಪ್ಪಿಕೊಂಡವು. ಅದೇ ಡಿಸೆಂಬರ್ 7ರಂದು ನಾಜಿಗಳ ವಿರುದ್ಧ ವಾರ್ಸಾದ ಯಹೂದಿ ಘೆಟ್ಟೋದಲ್ಲಿ ನಡೆದ ದಂಗೆಯ ಸ್ಮಾರಕದ ಮುಂದೆ ಬ್ರಾಂಟ್ ಮೊಣಕಾಲೂರಿದರು. ನಾಜಿಗಳನ್ನು ವಿರೋಧಿಸಿ ದೇಶ ತೊರೆದಿದ್ದ ಅವರಿಗೆ ವೈಯಕ್ತಿಕವಾಗಿ ಕ್ಷಮೆ ಕೇಳಬೇಕಾದ ಪ್ರಮೇಯವೇ ಇರಲಿಲ್ಲ. ಆದರೂ ‘ಡೇರ್ ಶ್ಪೀಗೆಲ್’ ವಾರಪತ್ರಿಕೆಯ ಸಮೀಕ್ಷೆಯಲ್ಲಿ 48% ಮಂದಿ ಅದನ್ನು ಅತಿರೇಕ ಎಂದರು, 41% ಮಂದಿ ಮಾತ್ರ ಸರಿಯೆಂದರು. ಮರುವರ್ಷ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಒಪ್ಪಂದಗಳನ್ನು ಒಪ್ಪದ ಆಡಳಿತ ಪಕ್ಷಗಳ ಸದಸ್ಯರು ಒಬ್ಬೊಬ್ಬರಾಗಿ ವಿರೋಧ ಪಕ್ಷದತ್ತ ಸರಿದಂತೆ ಬಹುಮತ ಕರಗಿತು. ಜರ್ಮನಿಯ ಸಂವಿಧಾನದ ಪ್ರಕಾರ ಚಾನ್ಸಲರರನ್ನು ಇಳಿಸಬೇಕಾದರೆ ಸಂಸತ್ತು ಅದೇ ಮತದಾನದಲ್ಲಿ ಉತ್ತರಾಧಿಕಾರಿಯನ್ನೂ ಆರಿಸಬೇಕು. 1972ರ ಏಪ್ರಿಲ್ 27ರಂದು ವಿರೋಧ ಪಕ್ಷವಾದ ಕ್ರಿಶ್ಚಿಯನ್ ಡೆಮಾಕ್ರಟರ ನಾಯಕ ರೈನರ್ ಬಾರ್ಟ್ಸೆಲ್ ಅವರಿಗೆ 249 ಮತ ಬೇಕಿತ್ತು, ಸಿಕ್ಕಿದ್ದು 247. ಗುಪ್ತ ಮತದಾನವಾದ್ದರಿಂದ ಯಾರು ಕೈಕೊಟ್ಟರೆಂದು ತಿಳಿಯಲಿಲ್ಲ. ಮರುವರ್ಷ ಬಾರ್ಟ್ಸೆಲ್ ಪಕ್ಷದವರೇ ಆದ ಸದಸ್ಯರೊಬ್ಬರು 50,000 ಮಾರ್ಕ್ ಪಡೆದಿದ್ದಾಗಿ ಹೇಳಿದರೂ, ಕೊಟ್ಟವರಾರು ಎಂಬುದನ್ನು ಸಂಸದೀಯ ತನಿಖೆ ಇತ್ಯರ್ಥಪಡಿಸಲಿಲ್ಲ. ಇಷ್ಟಾಗಿಯೂ 1972ರ ನವೆಂಬರ್ ಚುನಾವಣೆಯಲ್ಲಿ 91% ಮತದಾನವಾಗಿ, ಬ್ರಾಂಟ್ ಪಕ್ಷ 45.8% ಮತ ಪಡೆಯಿತು. ರಾಜಧಾನಿ ಬಾನ್‌ನ ಸಂಸತ್ತಿನಲ್ಲಿ ಸಿಕ್ಕಿದ್ದು ಕೊಂಡ ಮತವೆಂದೇ ಇಟ್ಟುಕೊಂಡರೂ ಈ ಮತಗಳು ಕೊಂಡವಲ್ಲ.

ಆಮೇಲಿನದು ಇಳಿಮುಖದ ಕಾಲ. ತೈಲ ಬಿಕ್ಕಟ್ಟು, ಸರ್ಕಾರಿ ನೌಕರರ ಮುಷ್ಕರ, ಸುಮಾರು 11% ವೇತನ ಹೆಚ್ಚಳಕ್ಕೆ ಮಣಿಯಬೇಕಾದದ್ದು, ಸ್ವಂತ ಪಕ್ಷದೊಳಗಿನ ಟೀಕೆ ಎಲ್ಲವೂ ಕೂಡಿ ಚಾನ್ಸಲರ್ ದಣಿದಿದ್ದರು. ಗಿಯೋಮ್ ಮೇಲಿನ ಸಂಶಯ 1973ರಲ್ಲೇ ಬ್ರಾಂಟ್ ಕಿವಿಗೆ ಬಿದ್ದಿತ್ತು. ಸಾಕ್ಷ್ಯ ಸಿಗುವವರೆಗೆ ಆತನನ್ನು ಕೆಲಸದಲ್ಲೇ ಬಿಡಬೇಕೆಂಬ ಅಧಿಕಾರಿಗಳ ಸಲಹೆಯಂತೆ ಆತ ಆ ಬೇಸಿಗೆಯಲ್ಲಿ ನಾರ್ವೆಯ ರಜೆಗೂ ಜೊತೆಯಲ್ಲಿ ಹೋದ. 1974ರ ಏಪ್ರಿಲ್ 24ರಂದು ಬಂಧನವಾಯಿತು, ಎರಡು ವಾರದೊಳಗೆ ರಾಜೀನಾಮೆ. ಗಟ್ಟಿಯಾಗಿದ್ದ ಸರ್ಕಾರವಾಗಿದ್ದರೆ ಈ ಹೊಡೆತವನ್ನು ತಾಳಿಕೊಳ್ಳುತ್ತಿತ್ತು.

ಬ್ರಾಂಟ್ 1987ರವರೆಗೂ ಪಕ್ಷದ ಅಧ್ಯಕ್ಷರಾಗಿಯೇ ಉಳಿದು, 1992ರಲ್ಲಿ ತೀರಿಕೊಂಡರು. ಅಷ್ಟರಲ್ಲಿ, 1990ರ ನವೆಂಬರ್ 14ರಂದು, ಏಕೀಕೃತ ಜರ್ಮನಿಯು ಪೋಲೆಂಡ್ ಜೊತೆ ಸಹಿ ಹಾಕಿದ ಗಡಿ ಒಪ್ಪಂದ ಓಡರ್-ನೈಸೆ ಗಡಿಯನ್ನೇ ದೃಢಪಡಿಸಿತ್ತು. ಆಗ ಅಧಿಕಾರದಲ್ಲಿದ್ದದ್ದು ಕ್ರಿಶ್ಚಿಯನ್ ಡೆಮಾಕ್ರಟರ ನೇತೃತ್ವದ ಸರ್ಕಾರ.