ಮೊದಲು ಕರೆಂಟ್ ಬಿಲ್ಲು, ಆಮೇಲೆ ಕಾರ್ಬನ್ ವರದಿ

ಕಂಪನಿ ಎಷ್ಟು ಹಸಿರುಮನೆ ಅನಿಲ ಬಿಡುತ್ತದೆ ಎಂಬ ಕಾರ್ಬನ್ ವರದಿ ಬರೆದುಕೊಡಲು ಇವತ್ತು ಯಾರು ಬೇಕಾದರೂ ಸಿಗುತ್ತಾರೆ. ಅದೇ ಕಂಪನಿಯ ಪ್ಯಾನೆಲ್ ಬೋರ್ಡ್ ಮುಂದೆ ನಿಂತು ಯಾವ ಮೋಟರು ಎಷ್ಟು ಎಳೆಯುತ್ತಿದೆ ಎಂದು ಹೇಳಬಲ್ಲವರು ಕಡಿಮೆ. ಹಾಸನ, ಚಿಕ್ಕಮಗಳೂರು ಕಡೆಯ ಹೊಸ ಇಂಜಿನಿಯರುಗಳಿಗೆ ದಾರಿ ಇರುವುದು ಈ ಎರಡನೆಯ ಕೆಲಸದಲ್ಲಿ, ಅಂದರೆ ಶಕ್ತಿ ಎಲ್ಲಿ ಎಷ್ಟು ಖರ್ಚಾಗುತ್ತಿದೆ ಎಂದು ಅಳೆಯುವ ಎನರ್ಜಿ ಆಡಿಟ್‌ನಲ್ಲಿ. ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್, ಹಾಲಿನ ಡೇರಿ, ಗಾರ್ಮೆಂಟ್ಸ್, ಅಕ್ಕಿ ಗಿರಣಿ, ರೆಸಾರ್ಟು ಎಲ್ಲವೂ ಇಲ್ಲೇ ಇವೆ. ಬಾಯ್ಲರು, ಚಿಲ್ಲರು, ಕಂಪ್ರೆಸರು, ಪಂಪು ಕಲಿಯಲು ಬೆಂಗಳೂರಿನ ಬಸ್ಸು ಹತ್ತಬೇಕಿಲ್ಲ.

ಶುರು ಬಿಲ್ಲಿನಿಂದ. ಕರೆಂಟ್ ಕೊಡುವ ಕಂಪನಿ ಹಾಸನಕ್ಕೆ ಸೆಸ್ಕ್, ಚಿಕ್ಕಮಗಳೂರಿಗೆ ಮೆಸ್ಕಾಂ. ಬಿಲ್ಲಿನ ಒಳಗಿನ ಲೆಕ್ಕ ಹೆಚ್ಚುಕಡಿಮೆ ಒಂದೇ. ಎಚ್‌ಟಿ (ಹೈ ಟೆನ್ಷನ್) ಗ್ರಾಹಕರಾದರೆ 12 ತಿಂಗಳ ಬಿಲ್ಲು ಈಸಿಕೊಂಡು ಯೂನಿಟ್ಟು, ಕಾಂಟ್ರ್ಯಾಕ್ಟ್ ಡಿಮ್ಯಾಂಡು (ಒಪ್ಪಂದದಂತೆ ಎಳೆಯಬಹುದಾದ ಗರಿಷ್ಠ ಲೋಡು), ದಾಖಲಾದ ಗರಿಷ್ಠ ಡಿಮ್ಯಾಂಡು, ಪವರ್ ಫ್ಯಾಕ್ಟರು (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬಂದ ಪಾಲು) ಬರೆದುಕೊಳ್ಳಿ. ಪಕ್ಕದಲ್ಲೇ ಆ ತಿಂಗಳ ಉತ್ಪಾದನೆ, ಟನ್ನಿನಲ್ಲಿ. ಈ ಕೊನೆಯ ಕಾಲಂ ಇಲ್ಲದಿದ್ದರೆ ಉಳಿದದ್ದೆಲ್ಲ ದಂಡ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿಯವರೆಗೆ, ಅದರ ಹಿಂದೆಯೇ ರೊಬಸ್ಟಾ. ಕ್ಯೂರಿಂಗ್ ವರ್ಕ್ಸ್‌ನ ಲೋಡು ಏರುವುದು ಮಾಲು ಬಂದ ಮೇಲೆ. ಮಾರ್ಚಿನ ಬಿಲ್ಲನ್ನೂ ಆಗಸ್ಟಿನ ಬಿಲ್ಲನ್ನೂ ಅಕ್ಕಪಕ್ಕ ಇಟ್ಟು ‘ಉಳಿತಾಯವಾಗಿದೆ’ ಎಂದರೆ ಮಾಲೀಕರೇ ನಗುತ್ತಾರೆ. ಟನ್ನಿಗೆ ಎಷ್ಟು ಯೂನಿಟ್ಟು ಎಂಬುದೇ ಲೆಕ್ಕ.

ಅಳತೆಯ ಸಾಮಾನು ಒಂದೇ ಸಲಕ್ಕೆ ಕೊಳ್ಳಬೇಡಿ. ತಂತಿ ಬಿಚ್ಚದೆ ಅದರ ಸುತ್ತ ಹಿಡಿದು ಅಳೆಯುವ ಟ್ರೂ ಆರ್‌ಎಂಎಸ್ ಕ್ಲ್ಯಾಂಪ್ ಪವರ್ ಮೀಟರು, ಇನ್‌ಫ್ರಾರೆಡ್ ಥರ್ಮಾಮೀಟರು, ಸ್ಟಾಪ್‌ವಾಚು ಸಾಕು. ತ್ರೀ ಫೇಸ್ ಪವರ್ ಅನಲೈಜರು, ಹೊಗೆಯ ಅನಲೈಜರು ಬೇಕಾದಾಗ ಬಾಡಿಗೆಗೆ. ಪವರ್ ಅನಲೈಜರಿನಲ್ಲಿ ಹೊಸಬರು ಎಡವುವುದು ಸಿಟಿ ಕಟ್ಟುವಾಗ, ಅಂದರೆ ತಂತಿಯ ಸುತ್ತ ಹಾಕಿ ಕರೆಂಟ್ ಅಳೆಯುವ ಕರೆಂಟ್ ಟ್ರಾನ್ಸ್‌ಫಾರ್ಮರ್ ಕಟ್ಟುವಾಗ. ಸಿಟಿಯ ಮೇಲಿನ ಬಾಣ ಲೋಡಿನ ಕಡೆಗಿರಬೇಕು. ಒಂದು ಸಿಟಿ ಹಿಂದುಮುಂದಾದರೆ ಆ ಫೇಸಿನ ಕಿಲೋವ್ಯಾಟ್ ಮೈನಸ್ಸಿಗೆ ಹೋಗಿ, ಒಟ್ಟು ಮೊತ್ತ ನಿಜದ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಆರ್ ಫೇಸಿನ ಸಿಟಿಗೆ ವೈ ಫೇಸಿನ ವೋಲ್ಟೇಜು ಜೋಡಿಯಾದರೆ ಪವರ್ ಫ್ಯಾಕ್ಟರಿಗೆ ತಲೆಬುಡ ಇರುವುದಿಲ್ಲ. ಮೂರೂ ಫೇಸಿನ ಪವರ್ ಫ್ಯಾಕ್ಟರು ಹತ್ತಿರಹತ್ತಿರ ಇದೆಯೇ ನೋಡಿಕೊಂಡೇ ರೆಕಾರ್ಡಿಂಗ್ ಶುರುಮಾಡಿ. ಮೇನ್ ಇನ್‌ಕಮರ್‌ನಲ್ಲಿ (ಇಡೀ ಕಾರ್ಖಾನೆಗೆ ಕರೆಂಟ್ ಒಳಬರುವ ಕಡೆ) ಕಟ್ಟಿದ್ದರೆ ಒಂದು ಗಂಟೆಯ ಮೊತ್ತವನ್ನು ಬಿಲ್ಲಿಂಗ್ ಮೀಟರಿನ ರೀಡಿಂಗ್ ವ್ಯತ್ಯಾಸದ ಜೊತೆ ತಾಳೆ ನೋಡಿ. ಮೀಟರಿನ ಗುಣಾಂಕ (ರೀಡಿಂಗನ್ನು ಗುಣಿಸಬೇಕಾದ ಸಂಖ್ಯೆ) ಹಾಕುವುದು ಮರೆಯಬೇಡಿ. ಪ್ಯಾನೆಲ್ ಬಾಗಿಲು ತೆಗೆಯಬೇಕಾದವರು ಅಲ್ಲಿನ ಎಲೆಕ್ಟ್ರಿಷಿಯನ್, ನೀವಲ್ಲ. ಒಳಗಿರುವ ಮೀಟರಿಂಗ್ ಸಿಟಿಯ ಸೆಕೆಂಡರಿ ತಂತಿಯನ್ನು ಕರೆಂಟ್ ಹರಿಯುವಾಗ ಬಿಚ್ಚಿದರೆ ಜೀವ ತೆಗೆಯುವಷ್ಟು ವೋಲ್ಟೇಜು ಏಳುತ್ತದೆ. ಇನ್ನು ಥರ್ಮಾಮೀಟರು: ಪೈಪಿನ ಹೊಳೆಯುವ ಅಲ್ಯೂಮಿನಿಯಂ ಹೊದಿಕೆಗೆ ಹಿಡಿದರೆ ತಣ್ಣಗಿದೆ ಎಂದು ಸುಳ್ಳು ಹೇಳುತ್ತದೆ. ಒಂದು ತುಂಡು ಕಪ್ಪು ಟೇಪು ಅಂಟಿಸಿ, ಅದು ಬಿಸಿಯಾದ ಮೇಲೆ ಅದರ ಮೇಲೆ ಹಿಡಿಯಿರಿ.

ನಾಮಫಲಕ ನೋಡಿ ಲೆಕ್ಕ ಹಾಕುವುದು ಇನ್ನೊಂದು ಪಿಡುಗು. 15 ಎಚ್‌ಪಿ ಮೋಟರೆಂದರೆ 11 ಕಿಲೋವ್ಯಾಟ್. ದಿನಕ್ಕೆ 10 ಗಂಟೆಯಂತೆ 150 ದಿನಕ್ಕೆ 16,500 ಯೂನಿಟ್ಟು ಎಂದು ಬರೆದುಬಿಡುತ್ತಾರೆ. ಕ್ಲ್ಯಾಂಪ್ ಹಾಕಿದಾಗ ಎಳೆಯುತ್ತಿರುವುದು 7 ಕಿಲೋವ್ಯಾಟ್ ಎಂದು ಗೊತ್ತಾದರೆ ಅದು 10,500. ಇಲ್ಲದ 6,000 ಯೂನಿಟ್ಟಿನ ಮೇಲೂ ಉಳಿತಾಯ ತೋರಿಸಿದ ವರದಿ ಮುಂದಿನ ಸೀಸನ್ನಿಗೇ ಬಯಲಾಗುತ್ತದೆ.

ಹೊಸಬರಿಗೆ ಬೇಗ ಹೆಸರು ತರುವ ಪರೀಕ್ಷೆ ಕಂಪ್ರೆಸರಿನದು. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬಣ್ಣ ನೋಡಿ ಕೆಟ್ಟ ಬೀಜ ಬೇರ್ಪಡಿಸುವ ಕಲರ್ ಸಾರ್ಟರುಗಳು ಬೀಜವನ್ನು ಹಾರಿಸುವುದೇ ಒತ್ತಡದ ಗಾಳಿಯಿಂದ, ಹಾಗಾಗಿ ಲೈನು ಉದ್ದಕ್ಕೂ ಸೋರುತ್ತಿರುತ್ತದೆ. ಊಟದ ಹೊತ್ತಿನಲ್ಲಿ ಸಾರ್ಟರುಗಳೆಲ್ಲ ನಿಂತಾಗ ಕಂಪ್ರೆಸರು ಮಾತ್ರ ಓಡಿಸಿ, ಸ್ಟಾಪ್‌ವಾಚು ಹಿಡಿಯಿರಿ. 90 ಸೆಕೆಂಡು ಲೋಡಾಗಿ (ಗಾಳಿ ತುಂಬಿ) 210 ಸೆಕೆಂಡು ಅನ್‌ಲೋಡ್ ಆದರೆ (ಗಾಳಿ ತುಂಬದೆ ಸುಮ್ಮನೆ ಓಡಿದರೆ), 90 ಭಾಗಿಸು 300: ಕಂಪ್ರೆಸರಿನ ಸಾಮರ್ಥ್ಯದಲ್ಲಿ ಶೇ 30 ಸೋರಿಕೆಗೇ ಹೋಗುತ್ತಿದೆ. ನಾಲ್ಕೈದು ಸುತ್ತು ಅಳೆದು ಸರಾಸರಿ ತೆಗೆದುಕೊಳ್ಳಿ, ಆಮೇಲೆ ಜಾಯಿಂಟುಗಳಿಗೆ ಸೋಪುನೀರು ಹಚ್ಚಿ ಹುಡುಕಿ. ಒತ್ತಡವನ್ನು 1 ಬಾರ್ ಇಳಿಸಬಹುದಾದರೆ ಕರೆಂಟಿನಲ್ಲಿ ಸುಮಾರು ಶೇ 6ರಿಂದ 10 ಉಳಿಯುತ್ತದೆ. ಆದರೆ ಸೋರಿಕೆ ಮುಚ್ಚಿ ಉಳಿದ ಲೋಡಿನ ಮೇಲೆ ಆ ಶೇಕಡಾ ಹಾಕಬೇಕು, ಹಳೆಯ ಲೋಡಿನ ಮೇಲಲ್ಲ.

ಕಾರ್ಬನ್ ಲೆಕ್ಕ ಇದಾದ ಮೇಲಿನದು, ಮತ್ತು ಸುಲಭದ್ದು. ಗ್ರಿಡ್ಡಿನ ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್. ನಿಖರ ಅಂಕಿಯನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರದ ಇತ್ತೀಚಿನ ಆವೃತ್ತಿಯಿಂದಲೇ ತೆಗೆದುಕೊಳ್ಳಿ. ಡೀಸೆಲ್ಲಿಗೆ ಲೀಟರಿಗೆ ಸುಮಾರು 2.7 ಕಿಲೋ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಫೆಬ್ರವರಿ–ಮಾರ್ಚಿನಲ್ಲಿ ಸ್ಪ್ರಿಂಕ್ಲರಿಗೆ ಓಡುವ ಡೀಸೆಲ್ ಪಂಪನ್ನು ಬಿಟ್ಟು ತೋಟದ ಲೆಕ್ಕ ಮುಗಿಯುವುದಿಲ್ಲ. ಸೌದೆ, ಕಾಫಿ ಹೊಟ್ಟಿನ ಡೈಆಕ್ಸೈಡನ್ನು ಬೇರೆಯಾಗಿ ತೋರಿಸಬೇಕು. ಅದರ ಮೀಥೇನ್, ನೈಟ್ರಸ್ ಆಕ್ಸೈಡ್ ಮಾತ್ರ ಸ್ಕೋಪ್ 1ಕ್ಕೆ, ಅಂದರೆ ಕಂಪನಿ ನೇರವಾಗಿ ಬಿಡುವ ಅನಿಲಗಳ ಲೆಕ್ಕಕ್ಕೆ, ಸೇರುತ್ತವೆ. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನ ನೀರು ಹೊಂಡದಲ್ಲಿ ಕೊಳೆತು ಬಿಡುವ ಮೀಥೇನನ್ನು ಹೆಚ್ಚಿನವರು ಮರೆಯುತ್ತಾರೆ.

ಎಲ್ಲಕ್ಕಿಂತ ದೊಡ್ಡದು ಗೊಬ್ಬರವಿರಬಹುದು. 45 ಕಿಲೋ ಯೂರಿಯಾ ಚೀಲದಲ್ಲಿ ಶೇ 46ರಂತೆ 20.7 ಕಿಲೋ ಸಾರಜನಕ. ಹವಾಮಾನ ಬದಲಾವಣೆಯ ಅಂತರರಾಷ್ಟ್ರೀಯ ಸಮಿತಿ ಐಪಿಸಿಸಿಯ 2006ರ ಸಾಮಾನ್ಯ ಗುಣಾಂಕದಂತೆ ಅದರ ಶೇ 1 ನೈಟ್ರಸ್ ಆಕ್ಸೈಡಿನ ರೂಪದಲ್ಲಿ ಹೋದರೆ, ಡೈಆಕ್ಸೈಡಿಗಿಂತ 273 ಪಟ್ಟು ತಾಪದ ಲೆಕ್ಕದಲ್ಲಿ ಅದು 89 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಯೂರಿಯಾದೊಳಗಿನ ಇಂಗಾಲದ್ದೇ 33 ಕಿಲೋ. ಒಂದು ಚೀಲಕ್ಕೆ 120 ಕಿಲೋ ದಾಟಿತು, ಅಂದರೆ 170 ಯೂನಿಟ್ಟು ಕರೆಂಟಿನಷ್ಟು. ತೋಟದ ಲೆಕ್ಕ ಬರೆಯುವ ರೈಟರ ಗೊಬ್ಬರದ ಪುಸ್ತಕ ತೆಗೆಸಿ ನೋಡದೆ ಮೇಲ್ಛಾವಣಿಗೆ ಸೋಲಾರ್ ಹಾಕಿಸಿ ಎಂದು ಹೊರಟವರು ಸಲಹೆಗಾರರಲ್ಲ, ಮಾರಾಟಗಾರರು. ಯುರೋಪಿನ ಗಡಿ ಕಾರ್ಬನ್ ತೆರಿಗೆ ಎಂದು ಪ್ಲಾಂಟರುಗಳನ್ನು ಹೆದರಿಸುವವರೂ ಇದ್ದಾರೆ. ಅದು ಸಿಮೆಂಟು, ಕಬ್ಬಿಣ, ಅಲ್ಯೂಮಿನಿಯಂ, ಗೊಬ್ಬರದಂಥವಕ್ಕೆ, ಕಾಫಿಗಲ್ಲ. ಕಾಫಿಯವರಿಗೆ ಸಂಬಂಧಿಸಿದ್ದು ಕಾಡು ಕಡಿದ ಜಾಗದ ಬೆಳೆಯನ್ನು ತಡೆಯುವ ಯುರೋಪಿನ ಅರಣ್ಯನಾಶ ನಿಯಮ.

ಸರ್ಟಿಫಿಕೇಟಿನ ವಿಷಯ. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ ಬಿಇಇಯ ಪರೀಕ್ಷೆಯಲ್ಲಿ ನಾಲ್ಕು ಪತ್ರಿಕೆ. ಎನರ್ಜಿ ಮ್ಯಾನೇಜರಿಗೆ ಮೊದಲ ಮೂರು, ಆಡಿಟರಿಗೆ ನಾಲ್ಕೂ. ಬಿಇ ಆದವರಿಗೂ ಮೂರು ವರ್ಷದ ಸಂಬಂಧಿತ ಅನುಭವ ಬೇಕು. ಹಾಗಾಗಿ ಮೊದಲ ಕೆಲಸ ಡೇರಿಯದೋ ಮಿಲ್ಲಿನದೋ ಮೇಂಟೆನೆನ್ಸ್ ವಿಭಾಗದಲ್ಲಾದರೆ ಒಳ್ಳೆಯದು, ಸಂಬಳ ಸ್ವಲ್ಪ ಕಡಿಮೆಯಾದರೂ. ಬಾಯ್ಲರ್ ಅಟೆಂಡರ್ ಜೊತೆ ಒಂದು ಪಾಳಿ ಕೂತರೆ ಫೀಡ್ ವಾಟರ್ (ಬಾಯ್ಲರಿಗೆ ಹೋಗುವ ನೀರು) 6 ಡಿಗ್ರಿ ಏರಿದರೆ ಸೌದೆಯಲ್ಲಿ ಶೇ 1 ಏಕೆ ಉಳಿಯುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ಬಿಇಇ ಗೈಡ್ ಪುಸ್ತಕಗಳು ಉಚಿತ. ಕೋಚಿಂಗಿಗೆ ದುಡ್ಡು ಸುರಿಯುವ ಮೊದಲು ಅವನ್ನು ಓದಿ.

ಸ್ವಂತವಾಗಿ ಕೆಲಸ ಹಿಡಿಯುವಾಗ ಉಳಿತಾಯದಲ್ಲಿ ಪಾಲು ಕೇಳಬೇಡಿ, ಮೊದಮೊದಲು ನಿಗದಿತ ಫೀಸೇ ಸರಿ. ಉಳಿತಾಯವನ್ನು ಯಾವ ತಿಂಗಳು, ಎಷ್ಟು ಟನ್ ಉತ್ಪಾದನೆಗೆ, ಯಾವ ಮೀಟರಿನಿಂದ ಅಳೆಯುವುದು ಎಂದು ಒಪ್ಪಂದದಲ್ಲೇ ಬರೆಸಿ. ಮಾಲೀಕರಿಗೆ ಒಂದು ಪುಟ ಕನ್ನಡದಲ್ಲಿ ಕೊಡಿ: ಏನು ಮಾಡಬೇಕು, ಎಷ್ಟು ಖರ್ಚು, ಎಷ್ಟು ತಿಂಗಳಲ್ಲಿ ವಾಪಸು. ಉಳಿದ ನಲವತ್ತು ಪುಟ ಅನುಬಂಧಕ್ಕೆ ಹೋಗಲಿ.